ಗುಣವತಿ ಟೀಚರ್ ಹಾಕಿದ ರೈಟ್

ಶನಿವಾರ ಬೆಳಗ್ಗಿನ ಎರಡನೇ ಪೀರಿಯಡ್‌ಗೆ ನಮ್ಮ ಶಾಲೆಯ ಮಕ್ಕಳು ಗಣಿತದ ಪುಸ್ತಕ ತರುತ್ತಿರಲಿಲ್ಲ, ಮನೆಯಿಂದ ಚೀಟಿ ತರುತ್ತಿದ್ದರು. ಚಿನ್ನ ಅಡವಿಟ್ಟ ಚೀಟಿ, ಸಂಘದ ಸಾಲದ ಪಾಸ್‌ಬುಕ್ಕು, ಕರೆಂಟು ಬಿಲ್ಲು, ಬೀಡಿ ಬ್ರಾಂಚಿನ ಕಾರ್ಡು, ದುಬೈಯಿಂದ ಹಣ ಬಂದ ರಸೀದಿ. ಒಮ್ಮೆ ಒಬ್ಬಳು ಪಂಚಾಯತಿನ ತೆರಿಗೆ ನೋಟೀಸನ್ನೇ ಹಿಡಿದುಕೊಂಡು ಬಂದಿದ್ದಳು. ಅವಳ ತಂದೆ ಎರಡು ದಿನದಿಂದ ಅದಕ್ಕಾಗಿ ಮನೆ ತಲೆಕೆಳಗು ಮಾಡುತ್ತಿದ್ದರಂತೆ. ಗಣಿತದ ಗುಣವತಿ ಟೀಚರ್ ಆ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ಒಂದನ್ನು ಎತ್ತಿ, ಹೆಸರಿದ್ದ ಜಾಗಕ್ಕೆ ಹೆಬ್ಬೆರಳು ಒತ್ತಿ ಹಿಡಿದು, "ಇದರಲ್ಲಿ ನಮಗೆ ಎಲ್ಲಿ ಟೋಪಿ ಹಾಕಿದ್ದಾರೆ, ಹುಡುಕುವ" ಎನ್ನುತ್ತಿದ್ದರು. ಟೋಪಿ ಇಲ್ಲದ ಚೀಟಿ ಸಿಕ್ಕಿದರೆ ನಿಮಗೆ ಬೇಸರವಾಗುತ್ತದೆ ಎಂದು ನಾನು ಅವರನ್ನು ಕಾಡಿಸುತ್ತಿದ್ದೆ.

ನಾನು ಅದೇ ಶಾಲೆಯ ಕನ್ನಡ ಮೇಷ್ಟ್ರು. ಪಡುಬಿದ್ರಿಯಿಂದ ನಂದಿಕೂರಿಗೆ ಹೋಗುವ ದಾರಿಯಲ್ಲಿ, ಹೈವೇಯಿಂದ ಸ್ವಲ್ಪ ಒಳಗೆ ನಮ್ಮ ಅನುದಾನಿತ ಹೈಸ್ಕೂಲು. ನಾನು ಸೇರಿದಾಗ ಮುನ್ನೂರು ಮಕ್ಕಳಿದ್ದರು, ಈಗ ಎಪ್ಪತ್ತೊಂದು. ಸ್ಟಾಫ್ ರೂಮಿನಲ್ಲಿ ಇಪ್ಪತ್ತೆರಡು ವರ್ಷ ನಾನೂ ಗುಣವತಿಯೂ ಒಂದೇ ಮೇಜಿನ ಎರಡು ಬದಿ ಕುಳಿತವರು. ಸುಮ್ಮನಿರಲು ಬಾರದ ನಾಲಿಗೆ ನನ್ನದು. ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಹಳೆಯ ಚಟ. ಗುಣವತಿಯ ಬದುಕಿನ ಬಗ್ಗೆ ಬರೆಯಲು ಕುಳಿತದ್ದಕ್ಕೆ ಆ ಚಟವೂ ಒಂದು ಕಾರಣ, ಅದು ಮುಂದೆ ತಿಳಿಯುತ್ತದೆ.

ಗುಣವತಿಗೆ ಈ ಚೀಟಿಯ ಹುಚ್ಚು ಹಿಡಿಸಿದ್ದು ಅವರ ತಂದೆ ಶೇಖರಣ್ಣ. ಕರಾವಳಿಗೆ ರೈಲು ಬರುವ ಕಾಲದಲ್ಲಿ ಅವರ ಗದ್ದೆ ಹಳಿಗೆ ಹೋಯಿತು, ಪರಿಹಾರದ ಚೆಕ್ ಬಂತು. ಅಷ್ಟು ಸೊನ್ನೆಗಳನ್ನು ಒಟ್ಟಿಗೆ ಕಂಡೇ ಇಲ್ಲದ ಶೇಖರಣ್ಣ ಚೆಕ್ಕನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟು ಎರಡು ದಿನ ಊರೆಲ್ಲ ತಿರುಗಿದರಂತೆ. ಮೂರನೆಯ ದಿನ ಕುಕ್ಕುಂದೂರಿನ ಕಡೆಯ ಒಬ್ಬ ಜೀಪಿನಲ್ಲಿ ಬಂದು, ಐದು ವರ್ಷಕ್ಕೆ ಡಬಲ್ ಮಾಡಿಕೊಡುತ್ತೇನೆಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು ಹೋದ. ಐದು ವರ್ಷ ಆಗುವ ಮೊದಲೇ ಕಾರ್ಕಳ ಪೇಟೆಯಲ್ಲಿ ಅವನ ಬೋರ್ಡೂ ಇರಲಿಲ್ಲ, ಅವನೂ ಇರಲಿಲ್ಲ. ಗುಣವತಿ ಆಗ ಬಿ.ಎಸ್ಸಿ. ಓದುತ್ತಿದ್ದರು. ಡಿಗ್ರಿ ಮುಗಿದದ್ದೂ ಬಿ.ಎಡ್. ಮುಗಿದದ್ದೂ ತಾಯಿ ಕಟ್ಟಿದ ಬೀಡಿಯ ದುಡ್ಡಿನಲ್ಲಿ. ಶೇಖರಣ್ಣ ಕೊನೆಯವರೆಗೂ ಆ ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.

"ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುವ ಮಗಳು ಮನೆಯಲ್ಲೇ ಇದ್ದೆ ಮಾಷ್ಟ್ರೇ" ಎಂದು ಗುಣವತಿ ನನಗೆ ಎಷ್ಟು ಸಲ ಹೇಳಿದ್ದಾರೋ. "ಅಪ್ಪ ನನ್ನ ಹತ್ರ ಒಂದು ಮಾತು ಕೇಳ್ಲಿಲ್ಲ. ಕೇಳಿದ್ರೆ ನಾನು ಹಾಳೆಯಲ್ಲಿ ಬರೆದು ತೋರಿಸ್ತಿದ್ದೆ."

ಇಷ್ಟೇ ಅವರ ನಂಬಿಕೆ. ಪ್ರತಿ ಮನೆಯಲ್ಲಿ ಲೆಕ್ಕ ಬಲ್ಲ ಒಂದು ಮಗು ಇರಬೇಕು, ಹಣ ಕೊಡುವ ಮೊದಲು ದೊಡ್ಡವರು ಆ ಮಗುವನ್ನು ಕೇಳಬೇಕು. ಆಗ ಯಾವ ಮನೆಯೂ ಮುಳುಗುವುದಿಲ್ಲ. ಇದಕ್ಕಾಗಿ ಅವರು ಮದುವೆಯ ಮಾತನ್ನೂ ಬದಿಗಿಟ್ಟು ಇಪ್ಪತ್ತೇಳು ಶನಿವಾರಗಳಲ್ಲ, ಇಪ್ಪತ್ತೇಳು ವರ್ಷದ ಶನಿವಾರಗಳನ್ನು ಕೊಟ್ಟರು. ಸಮಾಂತರ ಶ್ರೇಢಿಯ ಪಾಠವನ್ನು ಅಡವಿನ ಬಡ್ಡಿಯಿಂದ ಶುರು ಮಾಡುತ್ತಿದ್ದರು, ಶೇಕಡಾವಾರನ್ನು ಬೀಡಿ ಕಂಪೆನಿಯ ಬ್ರಾಂಚಿನವರು ಸರಿಯಿಲ್ಲವೆಂದು ಪಕ್ಕಕ್ಕೆ ಎಸೆಯುವ ಕಟ್ಟುಗಳಿಂದ. ಒಬ್ಬಳು ಮೀನು ಮಾರುವ ಹೆಂಗಸು ಮಗನ ಲೆಕ್ಕ ನೋಡಿ ಸಂಘದವರ ಹತ್ತಿರ ಜಗಳಾಡಿ ಎಂಟುನೂರ ನಲವತ್ತು ರೂಪಾಯಿ ವಾಪಸು ತಂದ ದಿನ, ಗುಣವತಿ ಇಡೀ ಸ್ಟಾಫಿಗೆ ಗೋಳಿಬಜೆ ತರಿಸಿದ್ದರು.

ಏಳೆಂಟು ವರ್ಷದ ಹಿಂದೆ ಒಂದು ದಿನ ಉಚ್ಚಿಲದ ಯೂಸುಫ್ ಶಾಲೆಗೆ ಬಂದರು. ಸೌದಿಯ ಜುಬೈಲಿನಲ್ಲಿ ಕೆಲಸ, ರಜೆಯಲ್ಲಿ ಊರಿಗೆ ಬಂದವರು. ಮಗಳು ಸಮೀಹಾ ಎಂಟನೆಯ ತರಗತಿಯಲ್ಲಿದ್ದಳು. ತರಗತಿಗೇ ಚುರುಕು ಅವಳು. ಯೂಸುಫ್ ಜೋರು ಮಾಡಲು ಬಂದವರಲ್ಲ, ಕುರ್ಚಿಯ ತುದಿಯಲ್ಲಿ ಕುಳಿತು ಬಹಳ ಮರ್ಯಾದೆಯಿಂದ ಮಾತಾಡಿದರು.

"ಟೀಚರ್, ನೀವು ಕಲಿಸುದು ಒಳ್ಳೆದೇ. ಆದರೆ ಬಡ್ಡಿ ನಮ್ಮಲ್ಲಿ ಹರಾಮು, ನಿಮಗೆ ಗೊತ್ತುಂಟಲ್ವಾ. ಇವಳು ಈಗ ಅಕ್ಕಪಕ್ಕದ ಮನೆಯವರಿಗೆಲ್ಲ ಬಡ್ಡಿಯ ಲೆಕ್ಕ ಹಾಕಿ ಕೊಡ್ತಾಳೆ. ನನ್ನ ತಾಯಿ ಅದನ್ನು ನೋಡಿ ಎರಡು ದಿನದಿಂದ ಸರಿ ಊಟ ಮಾಡ್ತಾ ಇಲ್ಲ."

ಅವರು ಹೋದ ಮೇಲೆ ಗುಣವತಿ ಮುಖ ಸಣ್ಣದು ಮಾಡಿಕೊಂಡು ಕುಳಿತರು. ಬಡ್ಡಿ ಬಿಟ್ಟರೆ ಅವರ ಶನಿವಾರದಲ್ಲಿ ಉಳಿಯುವುದೇನು? ತರಗತಿಯ ಅರ್ಧ ಮಕ್ಕಳು ಬ್ಯಾರಿ ಮುಸ್ಲಿಮರ ಮನೆಯವರು. ಆಗ ನಾನು ಬಾಯಿ ಹಾಕಿದೆ.

"ಅದಕ್ಕೆ ಇಷ್ಟು ತಲೆಬಿಸಿ ಎಂತಕ್ಕೆ ಮಾರಾಯ್ರೇ? ಬಡ್ಡಿ ಇದ್ದಲ್ಲಿ ವ್ಯಾಪಾರದ ಲಾಭ ಅಂತ ಬರೀರಿ. ಸೂತ್ರ ಅದೇ, ಉತ್ತರ ಅದೇ. ಅವರಿಗೂ ಖುಷಿ, ನಿಮಗೂ ಖುಷಿ."

ಗುಣವತಿ ಪೆನ್ನಿನ ತುದಿಯನ್ನು ಕಚ್ಚಿದರು. "ಲಾಭ ಪ್ರತಿ ತಿಂಗಳು ಒಂದೇ ರೀತಿ ಬರ್ತದಾ ಮಾಷ್ಟ್ರೇ? ನಷ್ಟ ಆದರೆ?"

"ಎಂಟನೇ ಕ್ಲಾಸಿನ ಮಕ್ಕಳಿಗೆ ಅಷ್ಟೆಲ್ಲ ಯಾಕೆ?" ಎಂದೆ ನಾನು. ಎಷ್ಟು ಜಾಣ ಮಾತು ಎಂದು ನನ್ನನ್ನು ನಾನೇ ಮೆಚ್ಚಿಕೊಂಡದ್ದೂ ನೆನಪಿದೆ.

ಹಾಗೆ ಹೊಸ ಹಾಳೆ ತಯಾರಾಯಿತು. 'ಒಬ್ಬರು ಒಂದು ಅಂಗಡಿಯಲ್ಲಿ ಒಂದು ಲಕ್ಷ ರೂಪಾಯಿ ಹೂಡಿದ್ದಾರೆ. ತಿಂಗಳಿಗೆ ನೂರಕ್ಕೆ ಎರಡರಂತೆ ಲಾಭ ಬಂದರೆ, ಎಷ್ಟನೆಯ ತಿಂಗಳಿಗೆ ಹೂಡಿದ ಹಣದಷ್ಟು ಲಾಭ ಕೈಸೇರುತ್ತದೆ?' ಹೀಗೆ ಇಪ್ಪತ್ತು ಲೆಕ್ಕಗಳು. ಯೂಸುಫ್ ಜುಬೈಲಿಗೆ ಹೊರಡುವ ಮೊದಲು ಬಂದು ಖರ್ಜೂರದ ಡಬ್ಬಿ ಕೊಟ್ಟು ಹೋದರು. ಉಡುಪಿಯಲ್ಲಿ ನಡೆದ ಶಿಕ್ಷಕರ ಪ್ರದರ್ಶನದಲ್ಲಿ ಆ ಹಾಳೆಗೆ ಬಹುಮಾನ ಬಂತು, ಎಲ್ಲಾ ಸಮುದಾಯದ ಮಕ್ಕಳಿಗೂ ಒಪ್ಪುವ ಲೆಕ್ಕ ಎಂದು ಅಧಿಕಾರಿಗಳು ಹೊಗಳಿದರು. ನಷ್ಟದ ಹಾಳೆಯನ್ನೂ ಮಾಡುತ್ತೇನೆ ಎಂದು ಗುಣವತಿ ಪ್ರತಿ ಜೂನ್‌ನಲ್ಲಿ ಹೇಳುತ್ತಿದ್ದರು. ಜೂನ್ ಕಳೆದರೆ ಗಣತಿ, ಚುನಾವಣೆ, ತರಬೇತಿ, ಎಸ್ಸೆಸ್ಸೆಲ್ಸಿ ಫಲಿತಾಂಶ ಏರಿಸುವ ಸುತ್ತೋಲೆ. ಆ ಹಾಳೆ ಆಗಲೇ ಇಲ್ಲ. ಐದು ವರ್ಷ ನಮ್ಮ ಶಾಲೆಯ ಮಕ್ಕಳು ಲಾಭದ ಲೆಕ್ಕ ಮಾತ್ರ ಮಾಡಿದರು. ಯಾವ ಲೆಕ್ಕದಲ್ಲೂ ಯಾವ ಅಂಗಡಿಯೂ ಮುಚ್ಚಲಿಲ್ಲ.

ಸಮೀಹಾ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ತೊಂಬತ್ತೆಂಟು ತೆಗೆದಳು. ಪಿಯುಸಿ ಮುಗಿದ ಮೇಲೆ ಅವಳಿಗೆ ಮಣಿಪಾಲದ ಹತ್ತಿರದ ಒಂದು ಕಾಲೇಜಿನಲ್ಲಿ ನರ್ಸಿಂಗ್ ಸೀಟು ಸಿಕ್ಕಿತು. ಅದೇ ಸಮಯಕ್ಕೆ ಯೂಸುಫ್‌ರ ಕಂಪೆನಿ ಅವರನ್ನು ಮನೆಗೆ ಕಳುಹಿಸಿತು. ಇಪ್ಪತ್ತನಾಲ್ಕು ವರ್ಷದ ದುಡಿಮೆಗೆ ಕೈಗೆ ಬಂದದ್ದು ಎಂಟು ಲಕ್ಷ. ನಾಲ್ಕು ವರ್ಷದ ಕಾಲೇಜು ಫೀಸು, ಮನೆಯ ಖರ್ಚು, ಎಂಟನೆಯ ತರಗತಿಗೆ ಬಂದಿದ್ದ ಎರಡನೆಯ ಮಗಳು ರಿಝಾನಾ, ಎಪ್ಪತ್ತು ದಾಟಿದ ತಾಯಿ ಕುಂಞಿಪಾತುಮ್ಮ, ಎಲ್ಲಕ್ಕೂ ಅದೇ ಎಂಟು ಲಕ್ಷ.

ಆ ವರ್ಷ ಕಾಪು ಪೇಟೆಯಲ್ಲಿ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಒಂದು ಆಫೀಸು ತೆರೆದಿತ್ತು. ಹೆಸರು ಬರೆಯುವುದು ಬೇಡ. ಬಡ್ಡಿ ಅಲ್ಲ, ವ್ಯಾಪಾರದಲ್ಲಿ ಪಾಲು, ತಿಂಗಳಿಗೆ ನೂರಕ್ಕೆ ಮೂರು ಲಾಭ ಎಂದು ಅವರ ಕರಪತ್ರದಲ್ಲಿತ್ತು. ಮೆಟ್ಟಿಲ ಮೇಲೆ ಎಲ್ಲಾ ಜಾತಿಯವರೂ ಸಾಲು ನಿಂತಿದ್ದರು. ಮೀನಿನ ಹೆಂಗಸರು, ನಿವೃತ್ತ ಗುಮಾಸ್ತರು, ರಿಕ್ಷಾದವರು. ಯೂಸುಫ್ ಮಾತ್ರ ಅವಸರ ಮಾಡಲಿಲ್ಲ. ಗುಣವತಿ ಇಪ್ಪತ್ತೇಳು ವರ್ಷ ಏನನ್ನು ಕನಸು ಕಂಡಿದ್ದರೋ ಅದನ್ನೇ ಆ ಮನುಷ್ಯ ಮಾಡಿದರು. ಕರಪತ್ರವನ್ನು ಮನೆಗೆ ತಂದು ಮಗಳ ಮುಂದಿಟ್ಟು, "ನೀನು ಲೆಕ್ಕ ಹಾಕಿ ಹೇಳು, ಆಮೇಲೆ ಕೊಡುವ" ಎಂದರು.

ಸಮೀಹಾ ಬರೇ ತಾನು ಲೆಕ್ಕ ಹಾಕಿ ಸುಮ್ಮನಾಗಲಿಲ್ಲ. ಹಾಳೆ ಹಿಡಿದು ಶಾಲೆಗೆ ಬಂದಳು. ಮಾರ್ಚ್ ತಿಂಗಳ ಮಧ್ಯಾಹ್ನ, ಗುಣವತಿಯ ಮುಂದೆ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು, ನಾಲ್ಕು ಗಂಟೆಯೊಳಗೆ ಅಂಕ ಅಪ್‌ಲೋಡ್ ಆಗಬೇಕಿತ್ತು. ಹುಡುಗಿ ಮೇಜಿನ ಪಕ್ಕ ನಿಂತು, "ಟೀಚರ್, ಇದೊಂದು ನೋಡ್ತೀರಾ? ಸರಿ ಉಂಟಾ?" ಎಂದಳು.

ಎಂಟು ಲಕ್ಷ. ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ. ಮೂವತ್ತನಾಲ್ಕನೆಯ ತಿಂಗಳಿಗೆ ಎಂಟು ಲಕ್ಷದ ಹದಿನಾರು ಸಾವಿರ. ಸಾಮಾನ್ಯ ವ್ಯತ್ಯಾಸ, ಪದಗಳ ಸಂಖ್ಯೆ, ಕೊನೆಗೆ ಉತ್ತರದ ಕೆಳಗೆ ಎರಡು ಗೆರೆ, ಎಲ್ಲಾ ಗುಣವತಿ ಕಲಿಸಿದ ಹಾಗೆಯೇ. ಅವರ ಕೈಯಲ್ಲಿ ಕೆಂಪು ಪೆನ್ನು ಇತ್ತು. ಕಣ್ಣು ಮೇಲಿನಿಂದ ಕೆಳಗೆ ಓಡಿತು, ಕೈ ದೊಡ್ಡದೊಂದು ರೈಟ್ ಎಳೆಯಿತು, ಕೆಳಗೆ ಸಹಿಯನ್ನೂ ಹಾಕಿತು. "ಎಷ್ಟು ಚೆಂದ ಮಾಡಿದ್ದೀ ಮಗಾ" ಎಂದು ಹಾಳೆ ವಾಪಸು ಕೊಟ್ಟು ಮುಂದಿನ ಉತ್ತರಪತ್ರಿಕೆ ಎಳೆದುಕೊಂಡರು. ಯಾರ ಹಣ, ಯಾವ ಅಂಗಡಿ ಎಂದು ಅವರು ಕೇಳಲಿಲ್ಲ. ಎದುರು ಕುಳಿತು ಚಹಾ ಕುಡಿಯುತ್ತಿದ್ದ ನಾನೂ ಕೇಳಲಿಲ್ಲ. ಅರ್ಧ ನಿಮಿಷವೂ ಹಿಡಿಯದ ಆ ಕೆಲಸ ಗುಣವತಿಗೆ ಸಂಜೆಗೇ ಮರೆತುಹೋಯಿತು.

ಉಚ್ಚಿಲದ ಮನೆಯಲ್ಲಿ ಅದು ಮರೆತುಹೋಗಲಿಲ್ಲ. ಯೂಸುಫ್ ಮರುದಿನವೇ ಎಂಟು ಲಕ್ಷ ಕಟ್ಟಿದರು. ಓದಲು ಬಾರದ ಕುಂಞಿಪಾತುಮ್ಮನಿಗೆ ಕೆಂಪು ರೈಟ್ ಮಾತ್ರ ಅರ್ಥವಾಗುತ್ತಿತ್ತು. ಮೊಮ್ಮಕ್ಕಳ ಪುಸ್ತಕದಲ್ಲಿ ಅದನ್ನೇ ಎಣಿಸಿ ಎಣಿಸಿ ಮುತ್ತು ಕೊಟ್ಟವರು ಅವರು. ನಲವತ್ತು ವರ್ಷ ಬೀಡಿ ಕಟ್ಟಿ ಒಂದೊಂದಾಗಿ ಮಾಡಿಸಿದ್ದ ಒಂಬತ್ತು ಪವನು ಚಿನ್ನದ ಬಳೆಗಳನ್ನು ಅವರು ಕೈಯಿಂದ ಬಿಚ್ಚಿ ಕೊಟ್ಟರು. ಮಾರಿದಾಗ ನಾಲ್ಕು ಲಕ್ಷ ಬಂತು. ಅದೂ ಮಾಳಿಗೆ ಹತ್ತಿತು.

ಏಳು ತಿಂಗಳು ಮೂವತ್ತಾರು ಸಾವಿರ ತಪ್ಪದೆ ಬಂತು, ಸಮೀಹಾಳ ಮೊದಲ ವರ್ಷದ ಫೀಸು ಆಯಿತು. ಎಂಟನೆಯ ತಿಂಗಳು ಆಫೀಸಿಗೆ ಬೀಗ. ಕಾಪುವಿನಲ್ಲಿ ಎರಡು ದಿನ ಗಲಾಟೆ, ಪೇಪರಿನಲ್ಲಿ ಒಂದು ಫೋಟೋ, ಆಮೇಲೆ ಏನೂ ಇಲ್ಲ.

ಸುದ್ದಿ ಓದಿ ಗುಣವತಿಗೆ ಸಿಟ್ಟು ನೆತ್ತಿಗೇರಿತು. "ಅಪ್ಪನನ್ನು ನುಂಗಿದವನೇ ಬೇರೆ ಅಂಗಿ ಹಾಕಿಕೊಂಡು ಬಂದಿದ್ದಾನೆ ಮಾಷ್ಟ್ರೇ" ಎಂದು ಮೇಜು ಕುಟ್ಟಿದರು. ಅಷ್ಟು ವರ್ಷ ಆಗದ ನಷ್ಟದ ಹಾಳೆ ಒಂದೇ ದಿನದಲ್ಲಿ ಆಯಿತು. ಹಂಚಲು ಮಾತ್ರ ಮತ್ತೆ ಗಣತಿ, ತರಬೇತಿ ಎಂದು ಮೂರು ತಿಂಗಳು ತಡವಾಯಿತು, ಒಂದು ಶನಿವಾರ ಒಂಬತ್ತನೆಯ ತರಗತಿಗೆ ಹಂಚಿದರು. ಮೊದಲ ಲೆಕ್ಕ ಹೀಗಿತ್ತು: 'ಒಬ್ಬರು ಐದು ಲಕ್ಷ ಹೂಡಿದರು. ತಿಂಗಳಿಗೆ ನೂರಕ್ಕೆ ಮೂರರಂತೆ ಏಳು ತಿಂಗಳು ಕೊಟ್ಟು ಆಫೀಸು ಮುಚ್ಚಿತು. ಅವರಿಗಾದ ನಷ್ಟ ಎಷ್ಟು?'

ಉತ್ತರ ಮೂರು ಲಕ್ಷದ ತೊಂಬತ್ತೈದು ಸಾವಿರ. ಹೆಚ್ಚಿನವರು ಸರಿ ಬರೆದಿದ್ದರು. ಒಂದು ಹಾಳೆಯಲ್ಲಿ ಮಾತ್ರ, ಯಾವ ಹಂತವೂ ಇಲ್ಲದೆ, ಒಂಬತ್ತು ಲಕ್ಷದ ನಲವತ್ತೆಂಟು ಸಾವಿರ ಎಂದಿತ್ತು. ಗುಣವತಿ ಕೆಂಪು ಪೆನ್ನು ಎತ್ತಿ ತಪ್ಪು ಹಾಕಲು ಹೋಗಿ ನಿಂತರು. ಹೆಸರು ನೋಡಿದರು: ರಿಝಾನಾ. ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆಸಿದರು.

"ಈ ಸಂಖ್ಯೆ ಎಲ್ಲಿಂದ ಬಂತು ಮಗಾ?"

"ಅದು ನಮ್ಮ ಮನೆಯದ್ದು ಟೀಚರ್" ಎಂದಳು ರಿಝಾನಾ, ನೆಲ ನೋಡುತ್ತಾ. "ಅಕ್ಕ ದಿನಾ ಅದನ್ನೇ ಬರೀತಾಳೆ. ನನಗೆ ಅದೇ ಕೈಗೆ ಬಂತು." ಆಮೇಲೆ ಇನ್ನೊಂದು ಮಾತು ಸೇರಿಸಿದಳು. "ನೀವು ರೈಟ್ ಹಾಕಿದ ಮೇಲೆಯೇ ಕೊಟ್ಟದ್ದು ಟೀಚರ್."

ಮಗು ದೂರು ಹೇಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತು ಅಷ್ಟೇ. ಗುಣವತಿಗೆ ಆಗ ಆ ಮಾರ್ಚ್ ಮಧ್ಯಾಹ್ನ ನೆನಪಾಯಿತು, ನನಗೂ ಆಯಿತು. ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ. ನಾಳೆ ಆ ಮನೆಗೆ ಹೋಗಬೇಕು, ನೀವೂ ಬನ್ನಿ ಎಂದರು.

ಭಾನುವಾರ ಮಧ್ಯಾಹ್ನ ಸರ್ವಿಸ್ ಬಸ್ಸು ಹಿಡಿದು ಉಚ್ಚಿಲದಲ್ಲಿ ಇಳಿದೆವು. ಗುಣವತಿಯ ಬ್ಯಾಗಿನಲ್ಲಿ ಅವರ ಉಳಿತಾಯದ ಎರಡು ಲಕ್ಷದ ಚೆಕ್ ಇತ್ತು. ಸಮೀಹಾ ಕಾಲೇಜಿಗೆ ವಾಪಸು ಹೋದರೆ ಸಾಕು, ನನಗೆ ಇನ್ನೇನೂ ಬೇಡ ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದರು. ಮನೆಯ ಜಗಲಿಯಲ್ಲಿ ಕುಂಞಿಪಾತುಮ್ಮ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈ ಬರಿದಾಗಿತ್ತು. ಕೆಲಸ ಬಿಟ್ಟು ಎಂಟು ವರ್ಷವಾಗಿತ್ತಂತೆ, ಈಗ ಮತ್ತೆ ಬ್ರಾಂಚಿನಿಂದ ಎಲೆ ತರಿಸಿದ್ದರು. ನಮ್ಮನ್ನು ಕಂಡದ್ದೇ ಮುಖ ಅರಳಿತು, ಸೊಸೆಯನ್ನು ಕೂಗಿ ಚಹಾ ಇಡಲು ಹೇಳಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಯೂಸುಫ್ ಹೊರಗೆ ಬಂದರು. ಐವತ್ತಾರನೆಯ ವಯಸ್ಸಿಗೆ ಮತ್ತೆ ವೀಸಾಕ್ಕೆ ಓಡಾಡುತ್ತಿದ್ದರು, ಯಾರೂ ಕೊಡುತ್ತಿರಲಿಲ್ಲ. ಗುಣವತಿ ಚೆಕ್ಕನ್ನು ಮುಂದೆ ಹಿಡಿದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು.

"ಬೇಡ ಟೀಚರ್, ನಿಮ್ಮದು ಕಷ್ಟದ ದುಡ್ಡು. ಸೀಟು ಹೋಗಿ ಆಯ್ತು. ಅವಳನ್ನು ಕಾಲೇಜಿನವರು ತೆಗೆದು ಎರಡು ತಿಂಗಳಾಯ್ತು. ಉಡುಪಿಯಲ್ಲಿ ಬಟ್ಟೆ ಅಂಗಡಿಯಲ್ಲಿ ಬಿಲ್ಲಿಂಗಿಗೆ ಕೂತ್ಕೊಳ್ತಾಳೆ. ಇವತ್ತು ಬೇಗ ಬರ್ತಾಳೆ."

ಚೆಕ್ಕು ಗುಣವತಿಯ ಕೈಯಲ್ಲೇ ಉಳಿಯಿತು. ಕುಂಞಿಪಾತುಮ್ಮ ಒಳಗೆ ಹೋಗಿ ಪ್ಲಾಸ್ಟಿಕ್ ಕವರೊಂದನ್ನು ತಂದರು. ಆಫೀಸಿನ ಕರಾರು ಪತ್ರ, ರಸೀದಿಗಳು, ಅವುಗಳ ನಡುವೆ ಆ ಹಾಳೆ. ಅದನ್ನು ಎಳೆದು ಗುಣವತಿಯ ಮುಂದಿಟ್ಟು ತುಳುವಿನಲ್ಲಿ ಕೇಳಿದರು, ಟೀಚರೇ, ಇನ್ನೊಮ್ಮೆ ನೋಡಿ, ಇದರಲ್ಲಿ ಎಲ್ಲಾದರೂ ಸಣ್ಣ ತಪ್ಪು ಇದೆಯಾ, ನಮ್ಮ ಹುಡುಗಿಗೆ ಸಿಗುತ್ತಾ ಇಲ್ಲ ಎಂದು.

ಗುಣವತಿ ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿದರು. ಬ್ಯಾಗಿನಿಂದ ಕೆಂಪು ಪೆನ್ನು ತೆಗೆದು ಮುಚ್ಚಳ ಬಿಚ್ಚಿ, ತಾನು ಹಾಕಿದ ರೈಟನ್ನು ಹೊಡೆದುಹಾಕಲು ಬಗ್ಗಿದರು. ಮುದುಕಿ ಗಾಬರಿಯಿಂದ ಅವರ ಕೈ ಹಿಡಿದುಕೊಂಡರು.

"ಅದರ ಮೇಲೆ ಎಂತದೂ ಬರೆಯಬೇಡಿ ಟೀಚರೇ. ಕೇಸಿನ ಕಾಗದಕ್ಕೆ ಒಂದು ಗೆರೆಯೂ ಎಳೀಬಾರ್ದು ಅಂತ ಸ್ಟೇಷನ್‌ನವರು ಹೇಳಿದ್ದಾರೆ."

ಅದು ಕೇಸಿನ ಕಾಗದವಲ್ಲ, ಮಗುವಿನ ಲೆಕ್ಕದ ಹಾಳೆ ಎಂದು ಹೇಳುವ ಧೈರ್ಯ ನಮಗಿಬ್ಬರಿಗೂ ಇರಲಿಲ್ಲ. ಆ ಮನೆಯ ಎಲ್ಲಾ ಆಸೆ ಆ ಕವರಿನಲ್ಲಿತ್ತು. ಗುಣವತಿ ಪೆನ್ನಿಗೆ ಮುಚ್ಚಳ ಹಾಕಿದರು. ಕುಂಞಿಪಾತುಮ್ಮ ಹಾಳೆಯನ್ನು ಜೋಪಾನವಾಗಿ ರಸೀದಿಗಳ ನಡುವೆ ಸೇರಿಸಿದರು.

ನಾವು ಏಳುವ ಹೊತ್ತಿಗೆ ಸಮೀಹಾ ಬಂದಳು. ಬೆಳಗ್ಗಿನಿಂದ ಕುಳಿತು ಕಾಲು ಬಾತಿತ್ತು. ಟೀಚರನ್ನು ಕಂಡು ಚಪ್ಪಲಿಯನ್ನೂ ಬಿಚ್ಚದೆ ಅಂಗಳದಲ್ಲೇ ನಿಂತಳು. ಎಂಟನೆಯ ತರಗತಿಯಲ್ಲಿ ಉತ್ತರ ಹೊಂದದಿದ್ದಾಗ ಕೇಳುತ್ತಿದ್ದ ಅದೇ ಸ್ವರದಲ್ಲಿ ಕೇಳಿದಳು.

"ನಾನು ಎಲ್ಲಿ ತಪ್ಪಿದ್ದು ಟೀಚರ್? ಎಷ್ಟು ಸಲ ಮಾಡಿದ್ರೂ ಸರಿಯೇ ಬರ್ತದೆ."

"ನೀನು ತಪ್ಪಲಿಲ್ಲ ಮಗಾ. ಲೆಕ್ಕ ಸರಿ ಉಂಟು. ಪ್ರಶ್ನೆಯೇ ತಪ್ಪು."

ಸಿಟ್ಟು ಇರಲಿಲ್ಲ ಅವಳ ಮುಖದಲ್ಲಿ, ಅರ್ಥ ಮಾಡಿಕೊಳ್ಳುವ ಆಸೆ ಮಾತ್ರ ಇತ್ತು.

"ಪ್ರಶ್ನೆ ನೀವೇ ಕೊಟ್ಟದ್ದಲ್ವಾ ಟೀಚರ್?"

ಗುಣವತಿ ಹೌದು ಎಂದರು. ಆ ಪ್ರಶ್ನೆಯನ್ನು ಹಾಗೆ ಬದಲಿಸಲು ಹೇಳಿದವನು ಅವರ ಪಕ್ಕದಲ್ಲೇ ನಿಂತಿದ್ದ. ಕೇಳದವರಿಗೂ ಬುದ್ಧಿ ಹೇಳುವ ನನ್ನ ನಾಲಿಗೆ ಆ ಅಂಗಳದಲ್ಲಿ ಒಂದು ಅಕ್ಷರ ಆಡಲಿಲ್ಲ. ಗುಣವತಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ.

ಇದಾಗಿ ಒಂದೂವರೆ ವರ್ಷವಾಯಿತು. ಗುಣವತಿಗೆ ನಿವೃತ್ತಿಗೆ ಇನ್ನು ಆರು ವರ್ಷವಿದೆ. ಶನಿವಾರದ ಚೀಟಿ ನಿಂತಿದೆ, ಈಗ ಎರಡನೇ ಪೀರಿಯಡ್‌ಗೂ ಪುಸ್ತಕವೇ. ಮಕ್ಕಳ ಉತ್ತರಕ್ಕೆ ಅವರು ರೈಟ್ ಹಾಕುವುದಿಲ್ಲ, ಬದಿಯಲ್ಲಿ ಅಂಕ ಮಾತ್ರ ಬರೆಯುತ್ತಾರೆ. ಹಣ ಯಾರಿಗೂ ಬಂದಿಲ್ಲ. ಸಮೀಹಾ ಅದೇ ಅಂಗಡಿಯಲ್ಲಿದ್ದಾಳೆ, ರಿಝಾನಾ ಹತ್ತನೆಯ ತರಗತಿ ಮುಗಿಸಿ ಅಜ್ಜಿಯ ಜೊತೆ ಬೀಡಿಗೆ ಕುಳಿತಳು. ನಾನು ಈಗಲೂ ಅದೇ ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತುಕೊಳ್ಳುತ್ತೇನೆ. ಆ ಸಲಹೆ ನನ್ನದೆಂದು ಉಚ್ಚಿಲದ ಆ ಮನೆಗೆ ಇವತ್ತಿಗೂ ಗೊತ್ತಿಲ್ಲ.